ಮುಂಬೈ ನಿಲ್ದಾಣದ ಸಿಂಹ, ಹುಲಿ ಮತ್ತು ಗುಮ್ಮಟ

ಪ್ರಶ್ನೆ: ಮುಂಬೈಯ ರೈಲು ನಿಲ್ದಾಣವಾದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನ ಪ್ರವೇಶದ್ವಾರದಲ್ಲಿ ಒಂದು ಕಂಬದ ಮೇಲೆ ಸಿಂಹವೂ ಇನ್ನೊಂದರ ಮೇಲೆ ಹುಲಿಯೂ ಇರುವುದೇಕೆ? ಗುಮ್ಮಟದ ತುದಿಯಲ್ಲಿ ನಿಂತಿರುವ ಪ್ರತಿಮೆ ಯಾರದು?

ಉತ್ತರ: ಸಿಂಹವು ಬ್ರಿಟನ್ನನ್ನೂ ಹುಲಿಯು ಭಾರತವನ್ನೂ ಸಂಕೇತಿಸುತ್ತವೆ. ಗುಮ್ಮಟದ ಮೇಲಿರುವುದು ಯಾವುದೇ ರಾಣಿಯ ಪ್ರತಿಮೆಯಲ್ಲ. ಬಲಗೈಯಲ್ಲಿ ಪಂಜನ್ನೂ ಎಡಗೈಯಲ್ಲಿ ಕಡ್ಡಿಗಳುಳ್ಳ ಚಕ್ರವನ್ನೂ ಹಿಡಿದ ಆ ಸ್ತ್ರೀರೂಪವು ‘ಪ್ರಗತಿ’ಯ ಮೂರ್ತರೂಪ. ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈ ಕಟ್ಟಡದ ಕೆಲಸ 1878ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷ ನಡೆಯಿತು. ಚೂಪು ಕಮಾನುಗಳು ವಿಕ್ಟೋರಿಯನ್ ಗಾಥಿಕ್ ಶೈಲಿಯವಾದರೂ (ಮಧ್ಯಯುಗದ ಯುರೋಪಿನ ಕಟ್ಟಡಗಳನ್ನು ಅನುಸರಿಸಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೆಳೆದ ಶೈಲಿ), ಗೋಪುರಗಳ ಸಾಲಿನಲ್ಲಿ ಭಾರತೀಯ ಅರಮನೆಗಳ ನೆರಳನ್ನು ಕಾಣಬಹುದು. ಎಂಟು ಮೂಲೆಯ ಕಲ್ಲಿನ ಗುಮ್ಮಟವನ್ನು ಕೆಳಗಿನಿಂದ ಮರದ ಆಧಾರಚೌಕಟ್ಟನ್ನು ಕೊಡದೆಯೇ, ಒಂದಕ್ಕೊಂದು ಬೆಸೆದುಕೊಂಡ, ಪಕ್ಕೆಲುಬಿನಂತಹ ಕಲ್ಲಿನ ಪಟ್ಟಿಗಳ ಬಲದಿಂದ ಮೇಲಕ್ಕೆ ಕಟ್ಟಲಾಯಿತೆಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಆದರೆ ಈ ಕಟ್ಟಡದ ನಿಜವಾದ ಸೊಗಸು ಸಣ್ಣ ಕೆತ್ತನೆಗಳಲ್ಲಿದೆ: ಮುಂಬೈಯ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳೂ ದುಡಿದ ಈ ಅಲಂಕಾರದಲ್ಲಿ ಎಲೆಬಳ್ಳಿಗಳ ನಡುವೆ ಪ್ರಾಣಿಪಕ್ಷಿಗಳು ಇಣುಕುತ್ತವೆ, ಗರಿಗೆದರಿದ ನವಿಲು ಕಲ್ಲಿನಲ್ಲಿ ಅರಳಿ ನಿಂತಿದೆ. ಉತ್ತರ ಭಾಗದ ಟಿಕೆಟ್ ಸಭಾಂಗಣಕ್ಕೆ ಹೋದಾಗ ದಯವಿಟ್ಟು ತಲೆಯೆತ್ತಿ ನೋಡಿ. ನೀಲಿ ಚಾವಣಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳಿವೆ. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.