ಹತ್ತು ನಿಮಿಷದಲ್ಲಿ ಕೈ ಸರಿಹೋಯಿತು ಅಂತ ಸುಮ್ಮನಿರಬೇಡಿ

ತಂದೆಗೆ 61 ವರ್ಷ, ಬಿಪಿ ಇದೆ, ಆಗಾಗ ತಲೆಸುತ್ತು. ಕಳೆದ ವಾರ ಬಲಗೈ ಹತ್ತು ನಿಮಿಷ ಸೋತುಹೋಗಿ ತಾನಾಗಿಯೇ ಸರಿಹೋಯಿತು. ಮೆದುಳಿಗೆ ರಕ್ತಸಂಚಾರ ಹೆಚ್ಚಿಸಲು ಏನು ತಿನ್ನಿಸಬೇಕು, ಯಾವ ಆಸನ ಮಾಡಿಸಬೇಕು ಅಂತ ಕೇಳಿದ್ದೀರಿ. ಸದ್ಯಕ್ಕೆ ಏನೂ ತಿನ್ನಿಸಬೇಡಿ, ಯಾವ ಆಸನವೂ ಬೇಡ. ಇವತ್ತೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದನ್ನು ಅಲ್ಲಿ ಸರದಿಗೆ ಕಾಯುತ್ತಾ ಓದಿಕೊಳ್ಳಿ. ನಾನು ಡಾಕ್ಟರ್ ಅಲ್ಲ. ನಿಮ್ಮ ಮನೆಯಲ್ಲಿ ಈಗ ಆಗಿರುವುದು ನಮ್ಮ ಮನೆಯಲ್ಲೂ ಆಗಿತ್ತು, ಅಷ್ಟೇ.

ನಮ್ಮದು ತಿಪಟೂರು ಕಡೆ. ನಮ್ಮ ಮನೆಯವರದ್ದು ಕೊಬ್ಬರಿ ವ್ಯಾಪಾರ. ಅವತ್ತು ಸೋಮವಾರ ಸಂಜೆ, ದೀಪ ಹಚ್ಚುವ ಹೊತ್ತು. ಜಗಲಿಯಲ್ಲಿ ಕೂತು ಚೀಲದ ಲೆಕ್ಕ ಬರೆಯುತ್ತಿದ್ದರು. ಪೆನ್ನು ಕೈಯಿಂದ ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ಆಮೇಲೆ ನಾನು ಆ ಪುಸ್ತಕ ತೆಗೆದು ನೋಡಿದ್ದೇನೆ. ಮೇಲಿನ ಸಾಲುಗಳೆಲ್ಲ ಅವರ ಎಂದಿನ ಗುಂಡು ಅಕ್ಷರ. ಕೊನೆಯ ಸಾಲಿನಲ್ಲಿ ಅಂಕಿಗಳು ಗೆರೆ ಬಿಟ್ಟು ಕೆಳಕ್ಕೆ ಇಳಿದಿವೆ. 'ಕ್ವಿಂಟಾಲ್' ಅನ್ನುವುದು ಅರ್ಧಕ್ಕೇ ನಿಂತಿದೆ, ಅಲ್ಲಿಂದ ಪೆನ್ನಿನ ಗೆರೆಯೊಂದು ಹಾಳೆಯ ಅಂಚಿನವರೆಗೂ ಎಳೆದುಕೊಂಡು ಹೋಗಿದೆ.

'ಏನಾಯ್ತೂರಿ?' ಅಂದೆ. ಏನೋ ಹೇಳಿದರು. ಮಾತಲ್ಲ, ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ. ಅಲ್ಲೇ ಆಡುತ್ತಿದ್ದ ತಂಗಿಯ ಮಗ, 'ದೊಡ್ಡಪ್ಪ ತಮಾಷೆ ಮಾಡ್ತಿದ್ದಾರೆ' ಅಂತ ನಕ್ಕ. ನಮಗೂ ಒಂದು ಕ್ಷಣ ಹಾಗೇ ಅನ್ನಿಸಿತು. ನೀರು ಕುಡಿಸಿದೆ. (ಅದೂ ತಪ್ಪು. ನುಂಗುವ ಶಕ್ತಿ ಹೋಗಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.) ನೆರೆಮನೆಯ ಹುಡುಗ ಕಾರು ತೆಗೆಯಲು ಓಡಿದ. ಅವನು ಕಾರು ತಂದು ನಿಲ್ಲಿಸುವ ಹೊತ್ತಿಗೆ ಇವರು ಎದ್ದು ನಿಂತು, ಬಲಗೈ ಮಡಚಿ ಬಿಚ್ಚಿ ತೋರಿಸಿ, 'ಸರಿಹೋಯ್ತು, ಏನಿಲ್ಲ ಬಿಡಿ' ಅಂದರು. ಮಾತು ಸ್ಪಷ್ಟವಾಗಿತ್ತು. ಕಾರು ವಾಪಸ್ ಕಳಿಸಿದೆವು.

ನಮ್ಮ ತಪ್ಪು ಇದೇ. ಕಾರು ವಾಪಸ್ ಕಳಿಸಿದ್ದು. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಕಳಿಸಿದ್ದೀರಿ.

ಜ್ವರ ಇಳಿದರೆ ಒಳ್ಳೆಯದು. ಹೊಟ್ಟೆನೋವು ನಿಂತರೆ ಒಳ್ಳೆಯದು. ಹುಟ್ಟಿದಾಗಿನಿಂದ ನಾವು ಕಲಿತಿರುವುದು ಇದನ್ನೇ, ನಿಂತರೆ ವಾಸಿಯಾಯಿತು ಅಂತ. ಈ ಒಂದು ವಿಷಯದಲ್ಲಿ ಆ ಲೆಕ್ಕ ತಲೆಕೆಳಗು. ಕೈ ಸೋತು ಹತ್ತು ನಿಮಿಷದಲ್ಲಿ ಸರಿಹೋಯಿತು ಅಂದರೆ, ಹೆಚ್ಚಿನ ಸಲ ರಕ್ತದ ಹೆಪ್ಪೊಂದು ಮೆದುಳಿನ ನಾಳಕ್ಕೆ ಬಂದು ಸಿಕ್ಕಿಕೊಂಡು, ನಮ್ಮ ಅದೃಷ್ಟಕ್ಕೆ ತಾನೇ ಕರಗಿತು ಅಂತ. ಆ ಹೆಪ್ಪು ಎಲ್ಲಿಂದ ಬಂತೋ ಆ ಜಾಗ ಹಾಗೇ ಇದೆ. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಗೊತ್ತಿರುತ್ತದೆ. ತೂತಿಗೆ ಕಸ ಸಿಕ್ಕಿ ನೀರು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಕೊಳ್ಳುತ್ತದೆ. ನೀರು ಬಂತಲ್ಲ ಅಂತ ಮನೆಗೆ ಬಂದರೆ ಆಗುವುದಿಲ್ಲ. ಹೋಗಿ ಫಿಲ್ಟರ್ ಹರಿದಿದೆಯಾ ನೋಡಬೇಕು. ತೋಟದಲ್ಲಿ ಇಷ್ಟು ಬುದ್ಧಿ ಇರುವ ನಮಗೆ ಮನೆಯಲ್ಲಿ ಇರಲಿಲ್ಲ.

ಡಾಕ್ಟರುಗಳು ಇದನ್ನು ಟಿಐಎ ಅನ್ನುತ್ತಾರೆ. ಜನರ ಬಾಯಲ್ಲಿ ಮಿನಿ ಸ್ಟ್ರೋಕ್. ಮಿನಿ ಅನ್ನುವ ಮಾತಿಗೆ ಮೋಸಹೋಗಬೇಡಿ. ಚಿಕಿತ್ಸೆ ಸಿಗದಿದ್ದರೆ ಮೂರು ತಿಂಗಳ ಒಳಗೆ ಸುಮಾರು ಹತ್ತರಲ್ಲಿ ಒಬ್ಬರಿಗೆ ನಿಜವಾದ ಸ್ಟ್ರೋಕ್ ಆಗುತ್ತದೆ. ಅದರಲ್ಲಿ ಅರ್ಧದಷ್ಟು ಮೊದಲ 48 ಗಂಟೆಯಲ್ಲೇ. ಅದೇ ತಕ್ಷಣ ಪರೀಕ್ಷೆ ಮಾಡಿಸಿ ಔಷಧಿ ಶುರು ಮಾಡಿದರೆ? ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಇದನ್ನು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದ್ದಾರೆ. ಬೇಗ ಚಿಕಿತ್ಸೆ ಕೊಟ್ಟಾಗ ಆ ಅಪಾಯ ಶೇ. 80ರಷ್ಟು ಇಳಿಯಿತು. ಹೊಸ ಔಷಧಿಯಿಂದ ಅಲ್ಲ, ಇದ್ದ ಔಷಧಿಗಳನ್ನೇ ಬೇಗ ಶುರು ಮಾಡಿದ್ದರಿಂದ. ನನಗೆ ಇದು ಗೊತ್ತಾದಾಗ ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಾವು ಮಾರನೇ ದಿನ ಊರಿನ ಕ್ಲಿನಿಕ್ಕಿಗೇನೋ ಹೋದೆವು. ಆದರೆ ಹೋಗಿ ಹೇಳಿದ್ದೇನು? 'ಡಾಕ್ಟ್ರೇ, ತಲೆಸುತ್ತು, ಕೈ ಜೋಮು.' ಮಾತು ತೊದಲಿದ್ದನ್ನು ಹೇಳಲೇ ಇಲ್ಲ. ಸರಿಹೋಗಿತ್ತಲ್ಲ, ಹಾಗಾಗಿ ಅದು ಕಾಯಿಲೆಯ ಲೆಕ್ಕಕ್ಕೇ ಬರಲಿಲ್ಲ. ಇವರಿಗೋ, ಮಗು ನಕ್ಕಿದ್ದರಿಂದ ಅದನ್ನು ಹೇಳಿಕೊಳ್ಳಲು ನಾಚಿಕೆ. ಕತ್ತಿನ ಎಕ್ಸ್‌ರೇ ಆಯಿತು. ಐವತ್ತು ದಾಟಿದವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣದೆ ಇರುತ್ತದಾ? ಸ್ಪಾಂಡಿಲೈಟಿಸ್ ಅಂದರು, ತಲೆಸುತ್ತಿನ ಮಾತ್ರೆ ಕೊಟ್ಟರು. ಸಮಾಧಾನವಾಗಿ ಮನೆಗೆ ಬಂದು, ರಾತ್ರಿ ಕತ್ತಿಗೆ ಎಣ್ಣೆ ಹಚ್ಚಿದೆ.

ಬುಧವಾರ ಬೆಳಗಿನ ಜಾವ ಎಬ್ಬಿಸಲು ಹೋದರೆ ಬಾಯಿ ಎಡಕ್ಕೆ ವಾಲಿತ್ತು. ಬಲಗೈ ಬಲಗಾಲು ಎತ್ತಲು ಆಗಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ: 'ಕೊನೆಯದಾಗಿ ಇವರನ್ನು ಚೆನ್ನಾಗಿದ್ದ ಹಾಗೆ ನೋಡಿದ್ದು ಎಷ್ಟು ಗಂಟೆಗೆ?' ರಾತ್ರಿ ಮಲಗಿದಾಗ, ಅಂದೆ. ಡಾಕ್ಟರ ಮುಖ ಸಪ್ಪಗಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ. ಗಡಿಯಾರ ಓಡಲು ಶುರುವಾಗುವುದು ನಾವು ನೋಡಿದಾಗಿನಿಂದ ಅಲ್ಲ, ಅವರು ಕೊನೆಗೆ ಚೆನ್ನಾಗಿದ್ದ ಹೊತ್ತಿನಿಂದ. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಹತ್ತಿರದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು. ಇವರಿಗೆ ಮುಚ್ಚಿದ್ದು ಒಳಗಿನ ಸಣ್ಣ ಕವಲು. ಅದಕ್ಕೂ ಆಗಲಿಲ್ಲ.

ಫಿಲ್ಟರ್ ಹರಿದಿದ್ದು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಕತ್ತಿನ ಎಡಗಡೆಯ ದೊಡ್ಡ ರಕ್ತನಾಳದಲ್ಲಿ. ಡಾಪ್ಲರ್ ಅಂತ ಒಂದು ಸ್ಕ್ಯಾನ್, ಬಸುರಿಯರಿಗೆ ಮಾಡುವ ಹಾಗೆ ಜೆಲ್ ಹಚ್ಚಿ ಕತ್ತಿನ ಮೇಲೆ ಆಡಿಸುತ್ತಾರೆ, ಸೂಜಿಯಿಲ್ಲ, ನೋವಿಲ್ಲ. ನಾಳದ ಮುಕ್ಕಾಲು ಭಾಗ ಕೊಬ್ಬು ಕಟ್ಟಿತ್ತು. ಬಿಪಿ, ಬೀಡಿ ಎರಡೂ ಸೇರಿ ವರ್ಷಗಟ್ಟಲೆ ಕಟ್ಟಿದ್ದು. ನಾನು ಎಣ್ಣೆ ಹಚ್ಚಿ ತಿಕ್ಕಿದ್ದು ಅದೇ ಕತ್ತನ್ನು. ಆಮೇಲೆ ಬೆಂಗಳೂರಿನಲ್ಲಿ ಆ ನಾಳ ತೆರೆದು ಕೊಬ್ಬು ತೆಗೆಸಿದೆವು. ಸೋಮವಾರವೇ ಹೋಗಿದ್ದರೆ ಆಗುತ್ತಿದ್ದುದೂ ಹೆಚ್ಚುಕಡಿಮೆ ಇದೇ ಆಪರೇಷನ್, ಇದೇ ಮಾತ್ರೆಗಳು. ಆದರೆ ಕೈ ಉಳಿಯುತ್ತಿತ್ತು, ಮಾತು ಉಳಿಯುತ್ತಿತ್ತು.

ಈಗ ನಡೆಯುತ್ತಾರೆ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಆದರೆ ಅಂಕಿ ಕೈಕೊಡುತ್ತದೆ. ಆರು ಅನ್ನಬೇಕಾದಲ್ಲಿ ಎಂಟು ಬರುತ್ತದೆ, ತಪ್ಪು ಅಂತ ಅವರಿಗೇ ಗೊತ್ತಾಗುತ್ತದೆ, ತಲೆ ಅಲ್ಲಾಡಿಸುತ್ತಾರೆ, ಮತ್ತೆ ಎಂಟೇ ಬರುತ್ತದೆ. ರೇಟಿನ ಮೇಲೆ ಬದುಕಿದ ವ್ಯಾಪಾರಿಗೆ ಇದು ಏನು ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ. 'ಮೆದುಳಿಗೆ ರಕ್ತಸಂಚಾರ ಹೆಚ್ಚಿಸುವುದು' ಅನ್ನುವ ಯೋಚನೆಯನ್ನೇ ಬಿಡಿ. ಮೆದುಳಿನ ತೂಕ ನಮ್ಮ ಮೈತೂಕದ ಶೇ. 2ರಷ್ಟು. ಹೃದಯ ಪಂಪ್ ಮಾಡುವ ರಕ್ತದಲ್ಲಿ ಅದು ತೆಗೆದುಕೊಳ್ಳುವುದು ಸುಮಾರು ಶೇ. 15. ಬಿಪಿ ಸ್ವಲ್ಪ ಏರಲಿ ಇಳಿಯಲಿ, ತನಗೆ ಬೇಕಾದಷ್ಟನ್ನು ಅದೇ ನೋಡಿಕೊಳ್ಳುತ್ತದೆ. ಅದಕ್ಕೆ ನಾವು ಬೆಳ್ಳುಳ್ಳಿ ತಿಂದು ತಳ್ಳಿಕೊಡಬೇಕಾಗಿಲ್ಲ. ನಮ್ಮ ಕೆಲಸ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುವುದು. ಬಿಪಿ ಇರುವವರಿಗೆ ಶೀರ್ಷಾಸನ ಮಾಡಿಸುವುದಂತೂ ಅಪಾಯ. ಗಿಂಕ್ಗೊ ಅನ್ನುವ ಮರದ ಎಲೆಯ ಸಾರದಿಂದ ಮಾಡಿದ ಮಾತ್ರೆಯನ್ನು ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಯಸ್ಸಾದವರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರು, ಮರೆವಿನ ಕಾಯಿಲೆ ತಡೆಯಲಿಲ್ಲ ಅಂತ 2008ರಲ್ಲಿ ಹೇಳಿದರು. ವರ್ಷಕ್ಕೊಮ್ಮೆ 'ರಕ್ತ ತೆಳು ಮಾಡುವ ಡ್ರಿಪ್' ಹಾಕಿಸಿಕೊಳ್ಳುವ ಚಾಳಿ ನಮ್ಮ ಕಡೆ ಇದೆ. ಅದು ದುಡ್ಡು ದಂಡ. ಅದಕ್ಕಿಂತ ಕೆಟ್ಟದ್ದು, ಡ್ರಿಪ್ ಆಯಿತಲ್ಲ ಅಂತ ಬಿಪಿ ಮಾತ್ರೆ ಬಿಡುತ್ತಾರೆ. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತ ತಿಕ್ಕುವವರ ಹತ್ತಿರ ಓಡುವುದರ ಬಗ್ಗೆ ಮಾತಾಡಲು ನನಗೆ ಪುರುಸೊತ್ತಿಲ್ಲ.

ತಲೆಸುತ್ತಿನ ವಿಷಯ ಬೇರೆ. ಬರೀ ತಲೆಸುತ್ತು ಹೆಚ್ಚಿನ ಸಲ ಮೆದುಳಿನ ರಕ್ತದ ತೊಂದರೆ ಅಲ್ಲ. ಮಲಗಿ ಮಗ್ಗುಲು ಬದಲಿಸಿದಾಗ ಮನೆಯೆಲ್ಲ ಗಿರ್ರನೆ ತಿರುಗಿದರೆ ಅದು ಸಾಮಾನ್ಯವಾಗಿ ಕಿವಿಯದ್ದು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿಯುತ್ತಿರಬಹುದು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳತೆ ಮಾಡಿದರೆ ಗೊತ್ತಾಗುತ್ತದೆ. ಎರಡೂ ಕೈಯಲ್ಲಿ, ಎರಡೂ ಪಾದದಲ್ಲಿ ದಿನಾ ಜೋಮು ಇದ್ದರೆ ಸಕ್ಕರೆ, ಬಿ12 ನೋಡಿಸಿ. ಇವೆಲ್ಲ ನಾಳೆಗೂ ಆಗುವ ಕೆಲಸ.

ಕಾಯಬಾರದ್ದು ಯಾವುದು? ಇದ್ದಕ್ಕಿದ್ದಂತೆ ಬರುವಂಥದ್ದು, ಹೆಚ್ಚಾಗಿ ಒಂದೇ ಪಕ್ಕಕ್ಕೆ. ನಗಿ ಅಂದರೆ ಬಾಯಿ ಒಂದು ಕಡೆ ಸೊಟ್ಟ. ಎರಡೂ ಕೈ ಮುಂದೆ ಚಾಚಿ ಅಂದರೆ ಒಂದು ತಾನೇ ಕೆಳಗೆ ಇಳಿಯುತ್ತದೆ. ಮಾತು ತೊದಲು, ಅಥವಾ ಮಾತು ಸ್ಪಷ್ಟವಿದ್ದೂ ಅರ್ಥವಿಲ್ಲ. ಒಂದು ಕಣ್ಣಿಗೆ ಪರದೆ ಇಳಿದ ಹಾಗೆ ಕತ್ತಲಾಗಿ ಮತ್ತೆ ಕಾಣುವುದು, ಇದನ್ನಂತೂ ಜನ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ ಸುಮ್ಮನಾಗುತ್ತಾರೆ. ತಲೆಸುತ್ತಿನ ಜೊತೆ ಎರಡೆರಡು ಕಾಣುವುದು, ನಡೆಯಲು ಹೋದರೆ ತೂರಾಡುವುದು. ಇದರಲ್ಲಿ ಯಾವುದೊಂದು ಕಂಡರೂ ಗಡಿಯಾರ ನೋಡಿ ಟೈಮ್ ಬರೆದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಹಾಕಿ ಸಿಟಿ ಸ್ಕ್ಯಾನ್ ಈಗ ನಡೆಯುತ್ತಿದೆಯಾ ಅಂತ ಕೇಳಿ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಏರಿಸಿಕೊಂಡು ಕೂರಬೇಡಿ. ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ.

ದಾರಿಯಲ್ಲಿ ಆಸ್ಪಿರಿನ್ ಅಗಿಯಲು ಕೊಡಬೇಡಿ. ಅದು ಎದೆನೋವಿಗೆ ಹೇಳುವ ಮಾತು. ಇಲ್ಲಿ ನಾಳ ಮುಚ್ಚಿದ್ದರೂ ಒಡೆದಿದ್ದರೂ ಹೊರಗಿನಿಂದ ಒಂದೇ ಥರ ಕಾಣುತ್ತದೆ, ಸ್ಕ್ಯಾನ್ ಮಾಡದೆ ಯಾರಿಗೂ ಹೇಳಲು ಬರುವುದಿಲ್ಲ. ಒಡೆದಿದ್ದರೆ ಆಸ್ಪಿರಿನ್ ಇನ್ನಷ್ಟು ಹಾಳು ಮಾಡುತ್ತದೆ. ಬಿಪಿ ಜಾಸ್ತಿ ಇದೆ ಅಂತ ನಾಲಿಗೆ ಕೆಳಗೆ ಮಾತ್ರೆ ಇಡುವುದೂ ಬೇಡ.

ತಡೆಯುವುದು ಹೇಗೆ ಅಂದರೆ, ಬಿಪಿ. ಮತ್ತೊಮ್ಮೆ ಬಿಪಿ. ಉಳಿದ ಕಾರಣಗಳೆಲ್ಲ ಅದರ ಹಿಂದೆ ನಿಲ್ಲುತ್ತವೆ. ನಮ್ಮ ಮನೆಯವರು ತಲೆನೋವು ಬಂದ ದಿನ ಮಾತ್ರ ಬಿಪಿ ಮಾತ್ರೆ ನುಂಗುತ್ತಿದ್ದರು. ನಾರ್ಮಲ್ ಬಂತು ಅಂತ ನಿಲ್ಲಿಸುತ್ತಿದ್ದರು. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ, ಅಲ್ವಾ? ನಿಮ್ಮ ತಂದೆ ನಿಜವಾಗಿ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಸ್ಟ್ರಿಪ್ ಎಣಿಸಿ ನೋಡಿ, ಅವರ ಬಾಯಿ ಮಾತು ನಂಬಬೇಡಿ. ಕೈಗೆ ಕಟ್ಟುವ ಮೆಷಿನ್ ಒಂದು ತನ್ನಿ, ಐದು ನಿಮಿಷ ಸುಮ್ನೆ ಕೂರಿಸಿ ಆಮೇಲೆ ಅಳೆಯಿರಿ, ಬರೆದಿಡಿ. ಇಂಥದ್ದು ಆದವರಿಗೆ 130/80ಕ್ಕಿಂತ ಕೆಳಗೆ ಇಡಲು ನಮ್ಮ ಡಾಕ್ಟರ್ ಹೇಳಿದರು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಸಾಕು ಅನ್ನುತ್ತಾರೆ. ಅದು ಒಂದು ಸಣ್ಣ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಬೀಡಿ ಸಿಗರೇಟು ಇದ್ದರೆ ಕಡಿಮೆ ಮಾಡುವುದಲ್ಲ, ಬಿಡಿಸಬೇಕು. ಸಕ್ಕರೆ, ಕೊಲೆಸ್ಟ್ರಾಲ್ ಹಿಡಿತದಲ್ಲಿರಬೇಕು. ಎದೆಬಡಿತ ತಾಳ ತಪ್ಪುವ ಒಂದು ತೊಂದರೆ ಇದೆ, ಇಸಿಜಿಯಲ್ಲಿ ಕಾಣುತ್ತದೆ. ಅದಿದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು. ಅವರಿಗೆ ಬೇಕಾದ ಮಾತ್ರೆಯೇ ಬೇರೆ.

ಒಂದು ವಾರ ಕಳೆದಿದೆ, ಏನೂ ಆಗಿಲ್ಲ, ಇನ್ನೇನು ಅಂತ ತಂದೆ ಹೇಳುತ್ತಾರೆ. ಹೇಳಲಿ. ಅಪಾಯ ಮೊದಲ ದಿನಗಳಷ್ಟು ಇಲ್ಲದಿದ್ದರೂ ಹೋಗಿಲ್ಲ. ತಲೆಯ ಸ್ಕ್ಯಾನ್, ಕತ್ತಿನ ಡಾಪ್ಲರ್, ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಸಕ್ಕರೆ, ಕೊಲೆಸ್ಟ್ರಾಲ್ ಇಷ್ಟೂ ಆಗಬೇಕು. ಹತ್ತಿರದಲ್ಲಿ ನರರೋಗದ ಡಾಕ್ಟರ್ ಇಲ್ಲದಿದ್ದರೆ ಫಿಜಿಷಿಯನ್ ಸಾಕು, ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದೆ. ಒಳಗೆ ಹೋದಾಗ 'ತಲೆಸುತ್ತು' ಅಂತ ಶುರು ಮಾಡಬೇಡಿ, ಮಾತು ಅಲ್ಲಿಗೇ ತಿರುಗಿಬಿಡುತ್ತದೆ. 'ಇಂಥ ದಿನ, ಇಷ್ಟು ಗಂಟೆಗೆ, ಬಲಗೈ ಇದ್ದಕ್ಕಿದ್ದಂತೆ ಹತ್ತು ನಿಮಿಷ ಸೋತುಹೋಗಿತ್ತು, ಬಿಪಿ ಇದೆ, ಟಿಐಎ ಇರಬಹುದಾ?' ಅಂತ ನೇರವಾಗಿ ಕೇಳಿ. ಆಗ ಮಾತು ತೊದಲಿತ್ತಾ, ಬಾಯಿ ವಾಲಿತ್ತಾ ಅಂತ ಮನೆಯಲ್ಲಿ ಪಕ್ಕದಲ್ಲಿದ್ದವರನ್ನೆಲ್ಲ ಈಗಲೇ ವಿಚಾರಿಸಿಕೊಳ್ಳಿ, ಮಕ್ಕಳನ್ನೂ ಕೇಳಿ.