ಅಟ್ಟದಲ್ಲಿ ಸಿಕ್ಕ ಹಳೆಯ ಸಾಮಾನು ಏನೆಂದು ತಿಳಿಯಬೇಕಾ? ಮೊದಲು ಉಜ್ಜುವುದನ್ನು ನಿಲ್ಲಿಸಿ

ದಯವಿಟ್ಟು ಅದನ್ನು ಉಜ್ಜಬೇಡಿ. ಸೋಮವಾರಪೇಟೆ ಕಡೆಯ ಅಜ್ಜನ ಮನೆಯ ಅಟ್ಟದಲ್ಲಿ ತಿರುಗಿಸುವ ಹಿಡಿ ಇರುವ ಒಂದು ಸಾಮಾನು ಸಿಕ್ಕಿದೆ, ಮೈತುಂಬಾ ಗುಬ್ಬಿ ಎದ್ದ ತಾಮ್ರದ ತಗಡು ಸುತ್ತಿದ ಉರುಳೆ ಇದೆ, ಪಾಲಿಶ್ ಮಾಡಿ ಫೋಟೋ ಹಾಕಿದರೆ ಏನು ಅಂತ ಗೊತ್ತಾಗುತ್ತಾ, ಎಷ್ಟು ಬೆಲೆ ಬರಬಹುದು ಅಂತ ಕೇಳಿದ್ದೀರಿ. ‘ಪಾಲಿಶ್’ ಅನ್ನುವ ಮಾತು ಓದಿದ ಕೂಡಲೇ ಈ ಉತ್ತರ ಬರೆಯಲು ಕೂತೆ. ನಾನು ಮಾಡಿದ್ದೂ ಇದೇ.

ನಮ್ಮ ಮನೆಯೂ ಕೊಡಗಿನಲ್ಲೇ, ಕಕ್ಕಬ್ಬೆ ಕಡೆ. ಅಜ್ಜ ತೀರಿಕೊಂಡು ಬಹಳ ವರ್ಷ ಆದ ಮೇಲೆ ಹಳೆಯ ಮಾಡು ರಿಪೇರಿಗೆ ಅಂತ ಅಟ್ಟ ಖಾಲಿ ಮಾಡಿದೆವು. ಒಡೆದ ಲಾಟೀನು, ತಳ ಹೋದ ಬುಟ್ಟಿ, ಗೆದ್ದಲು ಹಿಡಿದ ಜೇನು ಪೆಟ್ಟಿಗೆಗಳು. ಆ ಪೆಟ್ಟಿಗೆಗಳ ಹಿಂದೆ ಗೋಣಿತಾಟಿನಲ್ಲಿ ಸುತ್ತಿಟ್ಟ ಒಂದು ಮೆಷೀನು. ಎರಕದ ಕಬ್ಬಿಣದ ಎರಡು ಕಾಲು. ನಡುವೆ ಒಂದರ ಮೇಲೊಂದು ಎರಡು ಉರುಳೆ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ. ಪಕ್ಕಕ್ಕೆ ಹಲ್ಲಿನ ಚಕ್ರ, ತಿರುಗಿಸಲು ಹಿಡಿ. ಉರುಳೆಗಳ ಮೇಲೆ ಕಪ್ಪಗೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಅದರ ಮೇಲೆ ಇಲ್ಲಣ, ಧೂಳು. ಉಗುರಿನಲ್ಲಿ ಕೆರೆದರೆ ಅಡಿಯಲ್ಲಿ ಸಣ್ಣ ಸಣ್ಣ ಆರು ಮೂಲೆಯ ಅಚ್ಚು ಕಾಣುತ್ತಿತ್ತು.

ಅಜ್ಜ ಜೇನು ಸಾಕುತ್ತಿದ್ದರು ಅಂತ ಮನೆಯವರಿಗೆಲ್ಲ ಗೊತ್ತು. ಆದರೆ ಪೆಟ್ಟಿಗೆಗಳ ಪಕ್ಕದಲ್ಲೇ ಇದ್ದ ಮೆಷೀನಿಗೂ ಜೇನಿಗೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಪೆಟ್ಟಿಗೆಗಳು ಬಚ್ಚಲ ಒಲೆಗೆ ಹೋದವು. ಮೆಷೀನು ನನ್ನ ಕೈಗೆ ಬಂತು.

ಇನ್ನು ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಸೀಮೆಎಣ್ಣೆ ಹಾಕಿ ಒರೆಸಿದೆ. ಕಪ್ಪು ಪೂರ್ತಿ ಹೋಗಲಿಲ್ಲ. ವೈರ್ ಬ್ರಷ್ ಹಿಡಿದೆ. ಅದೂ ಸಾಲದು ಅನ್ನಿಸಿ ಡ್ರಿಲ್ಲಿಗೆ ವೈರ್ ವೀಲ್ ಸಿಕ್ಕಿಸಿದೆ. ಕಾಲುಗಳು ಕಬ್ಬಿಣ, ಹಾಗಾಗಿ ಉರುಳೆಯೂ ಕಬ್ಬಿಣವೇ ಅಂದುಕೊಂಡಿದ್ದೆ. ಅದು ಕಬ್ಬಿಣ ಆಗಿರಲಿಲ್ಲ. ಹಳೆಯ ಅಚ್ಚುಕೂಟದ ಮೊಳೆಗಳಿಗೆ ಬಳಸುತ್ತಿದ್ದರಲ್ಲ, ಸೀಸ ಬೆರೆತ ಮೆತ್ತನೆಯ ಲೋಹ, ಅಂಥದ್ದು. ಒಂದು ಅಯಸ್ಕಾಂತ ಇಟ್ಟು ನೋಡಿದ್ದರೆ ಸಾಕಿತ್ತು, ಕಾಲಿಗೆ ಅಂಟುತ್ತಿತ್ತು, ಉರುಳೆಗೆ ಅಂಟುತ್ತಿರಲಿಲ್ಲ. ನೋಡಲಿಲ್ಲ. ವೈರ್ ವೀಲ್ ತಾಗಿದ ಕಡೆಯೆಲ್ಲ ಆರು ಮೂಲೆಯ ಅಚ್ಚಿನ ಏಣು ಸವೆದು ಹೋಯಿತು. ನಡುಭಾಗದಲ್ಲಂತೂ ಬೆರಳಾಡಿಸಿದರೆ ನುಣ್ಣಗೆ. ಸೀಸದ ಧೂಳು ಒಳ್ಳೆಯದಲ್ಲ, ಅದನ್ನು ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಉಸಿರಾಡಿದೆ.

ಅಷ್ಟಕ್ಕೇ ಬಿಡಲಿಲ್ಲ. ಮೂಲೆ ಮೂಲೆ ಕ್ಲೀನ್ ಆಗಲಿ ಅಂತ ಎರಡೂ ಉರುಳೆ ಬಿಚ್ಚಿದೆ. ಯಾವ ಹಲ್ಲು ಯಾವ ಹಲ್ಲಿಗೆ ಕೂತಿತ್ತು ಅಂತ ಒಂದು ಚಾಕ್‌ಪೀಸ್ ಗೀಟೂ ಹಾಕಿಕೊಳ್ಳಲಿಲ್ಲ. ತಿರುಗಿ ಜೋಡಿಸಿದಾಗ ಮೆಷೀನು ಸಲೀಸಾಗಿ ತಿರುಗಿತು. ಎಲ್ಲ ಸರಿ ಇದೆ ಅಂದುಕೊಂಡೆ. ಮೇಲಿನ ಅಚ್ಚಿಗೂ ಕೆಳಗಿನ ಅಚ್ಚಿಗೂ ಒಂದು ಲೆಕ್ಕ ಇರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು.

ಫೋಟೋ ತೆಗೆದು ಆನ್‌ಲೈನಿನಲ್ಲಿ ಕೇಳಿದೆ. ಪಾಲಿಶ್ ಮಾಡಿದ ಲೋಹ ಬೆಳಕಿಗೆ ಥಳಥಳ ಹೊಳೆದು, ಉಳಿದಿದ್ದ ಅಚ್ಚೂ ಫೋಟೋದಲ್ಲಿ ಕಾಣಲಿಲ್ಲ. ಒಬ್ಬರು ಶಾವಿಗೆ ಮೆಷೀನು ಅಂದರು. ಇನ್ನೊಬ್ಬರು ಚರ್ಮಕ್ಕೆ ಡಿಸೈನ್ ಒತ್ತುವುದು ಅಂದರು. ಜಾಸ್ತಿ ಜನ ಹೇಳಿದ್ದು ರಬ್ಬರ್ ಶೀಟ್ ಒತ್ತುವ ರೋಲರ್ ಅಂತ. ನಾನೂ ನಂಬಿದೆ. ಅವರನ್ನು ದೂರುವುದಿಲ್ಲ. ಗುರುತು ಹಿಡಿಯಲು ಬೇಕಾದ್ದನ್ನೆಲ್ಲ ನಾನೇ ಒರೆಸಿ ಹಾಕಿ, ಉಳಿದಿದ್ದರ ಫೋಟೋ ತೋರಿಸಿದ್ದೆ.

ಆ ವರ್ಷ ಕೈಲ್ ಮುಹೂರ್ತಕ್ಕೆ ಕತ್ತಿ, ಕೋವಿ, ನೇಗಿಲು ಪೂಜೆಗೆ ಇಡುವಾಗ ಈ ಮೆಷೀನನ್ನೂ ಜೊತೆಗೆ ಇಟ್ಟೆ. ಊಟಕ್ಕೆ ಬಂದವರಲ್ಲಿ ಎರಡು ತಿರುವು ಆಚೆಯ ಮನೆಯ ಹಿರಿಯರೊಬ್ಬರಿದ್ದರು, ನಾನು ಮಾವ ಅಂತ ಕರೆಯುವುದು. ಅವರು ಹೊಳಪಿನ ಕಡೆ ನೋಡಲೇ ಇಲ್ಲ. ಮೆಷೀನನ್ನು ಮಗುಚಿ ಹಾಕಿ, ಹಲ್ಲಿನ ಚಕ್ರದ ಹಿಂದೆ, ನನ್ನ ಬ್ರಷ್ ತಲುಪದ ಸಂದಿಗೆ ಕಿರುಬೆರಳು ಹಾಕಿದರು. ಉಗುರಿನಲ್ಲಿ ಒಂದು ಚೂರು ಕಪ್ಪು ಬಂತು. ಹೆಬ್ಬೆರಳು ತೋರುಬೆರಳಿನ ನಡುವೆ ಉರುಟಿದರು. ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ಗುಂಡಗಾಯಿತು. ಮೂಸಿದರು. ನನ್ನ ಮೂಗಿನ ಹತ್ತಿರವೂ ಹಿಡಿದರು.

“ಮೇಣ. ಇದು ಅಜ್ಜನ ಮೇಣದ ಹಾಳೆ ಒತ್ತುವ ಮೆಷೀನು. ಇದರ ಹಿಡಿ ತಿರುಗಿಸ್ತಾ ಇದ್ದವನೇ ನಾನು. ಯಾಕೆ ಹೀಗೆ ಕೆರೆದು ಹಾಕಿದೆ ಮಾರಾಯ?”

ನನಗೆ ಮಾತೇ ಬರಲಿಲ್ಲ. ನಾನು ಕೊಳೆ ಅಂತ ದಿನಗಟ್ಟಲೆ ಕೆರೆದದ್ದು ಜೇನುಮೇಣ. ಇದು ಏನು ಅನ್ನುವ ಪ್ರಶ್ನೆಗೆ ಉತ್ತರ ಆ ಕೊಳೆಯಲ್ಲೇ ಇತ್ತು.

ಕೆಲಸ ಹೇಗೆ ನಡೆಯುತ್ತಿತ್ತು ಅಂತ ಅವರೇ ಹೇಳಿದರು. ನೀರಲ್ಲಿ ನೆನೆಸಿದ ಮರದ ಹಲಗೆಯನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದರೆ ತೆಳ್ಳಗೆ ಪೊರೆ ಕೂರುತ್ತದೆ. ಅದನ್ನು ಸುಲಿದು ತೆಗೆದರೆ ಹಾಳೆ. ಉರುಳೆಗೆ ಸೋಪು ನೀರು ಸವರಿ, ಇಲ್ಲದಿದ್ದರೆ ಮೇಣ ಅಂಟಿಕೊಳ್ಳುತ್ತದೆ, ಹಾಳೆಯನ್ನು ನಡುವೆ ಕೊಟ್ಟು ಹಿಡಿ ತಿರುಗಿಸಿದರೆ ಎರಡೂ ಮುಖದಲ್ಲಿ ಆರು ಮೂಲೆಯ ಸಣ್ಣ ಸಣ್ಣ ಗೂಡಿನ ಅಚ್ಚು ಬೀಳುತ್ತದೆ. ಆ ಹಾಳೆಯನ್ನು ಫ್ರೇಮಿಗೆ ಕಟ್ಟಿ ಪೆಟ್ಟಿಗೆಯೊಳಗೆ ಇಟ್ಟರೆ ಜೇನುಹುಳ ಅದೇ ಗೆರೆಯ ಮೇಲೆ ಗೋಡೆ ಎಬ್ಬಿಸುತ್ತದೆ. ಎರಿ, ಅಂದರೆ ಆ ಗೂಡುಗಳೆಲ್ಲ ಸೇರಿದ ಮೇಣದ ಹಲ್ಲೆ, ನೆಟ್ಟಗೆ ಬರುತ್ತದೆ. ಎರಿ ಒಡೆಯದೆ, ಡ್ರಮ್ಮಿನಲ್ಲಿ ತಿರುಗಿಸಿ ಜೇನುತುಪ್ಪ ತೆಗೆದು, ಅದೇ ಎರಿಯನ್ನು ವಾಪಸ್ ಕೊಡಬಹುದು.

ಉರುಳೆಗಳ ಲೆಕ್ಕ ಅರ್ಥವಾಗಿದ್ದೂ ಆಗಲೇ. ಎರಿಯಲ್ಲಿ ಈಚೆಯ ಗೂಡಿನ ತಳ ಆಚೆಯ ಗೂಡಿಗೆ ಸರಿಯಾಗಿ ಬೆನ್ನು ಕೊಟ್ಟಿರುವುದಿಲ್ಲ. ಈಚೆಯ ಒಂದು ಗೂಡಿನ ತಳಕ್ಕೆ ಆಚೆಯ ಮೂರು ಗೂಡು ಸೇರುತ್ತವೆ. ಎರಡು ಉರುಳೆಯ ಅಚ್ಚೂ ಅದಕ್ಕೆ ತಕ್ಕಂತೆ ಕೂತಿರಬೇಕು. ಒಂದು ಹಲ್ಲು ತಪ್ಪಿದರೂ ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೂತು. ಹಲ್ಲು ಬದಲಿಸಿ ಬದಲಿಸಿ ಅದನ್ನು ಹೇಗೋ ಸರಿ ಮಾಡಿದೆವು. ಸವೆದ ಏಣು ಮಾತ್ರ ವಾಪಸ್ ಬರಲಿಲ್ಲ. ಈಗ ಹಾಳೆ ಒತ್ತಿದರೆ ಎರಡು ಅಂಚಿನಲ್ಲಿ ಅಚ್ಚು ಚೊಕ್ಕ ಬೀಳುತ್ತದೆ, ನಡುವೆ ಬೋಳು. ಅಜ್ಜನ ಮೆಷೀನಿನಲ್ಲೇ ಹಾಳೆ ಮಾಡಿ ಮತ್ತೆ ಜೇನು ಸಾಕಬೇಕು ಅಂತ ಆಸೆ ಇತ್ತು. ಹಾಳೆಯನ್ನು ಹೊರಗಿಂದ ಕೊಂಡು ತರುತ್ತಿದ್ದೇನೆ.

ಯಾವ ಜೇನಿಗೆ ಮಾಡಿದ ಮೆಷೀನು ಅಂತಲೂ ಉಳಿದ ಅಂಚಿನಿಂದಲೇ ಗೊತ್ತಾಯಿತು. ಸಾಲಾಗಿ 10 ಗೂಡಿನ ಅಗಲ ಅಳೆಯಬೇಕು. ನಮ್ಮ ಕಡೆಯ ತುಡುವೆ ಜೇನಿನದಾದರೆ ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು. ಯುರೋಪಿನ ಜೇನಿನದಾದರೆ ಐದು ಸೆಂಟಿಮೀಟರ್ ದಾಟುತ್ತದೆ. ನಮ್ಮದು ತುಡುವೆಯ ಅಳತೆ. ಮೇಣಕ್ಕೆ ಗೂಡಿನ ಅಚ್ಚು ಒತ್ತುವ ಉಪಾಯ ಹುಟ್ಟಿದ್ದು 1857ರಲ್ಲಿ, ಜರ್ಮನಿಯ ಯೋಹಾನೆಸ್ ಮೆಹ್ರಿಂಗ್ ಕೈಯಲ್ಲಿ. ಉರುಳೆ ಮೆಷೀನು 1876ರ ಹೊತ್ತಿಗೆ ಅಮೆರಿಕದಲ್ಲಿ ಬಂತು. ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ಪಾದ್ರಿ ನ್ಯೂಟನ್ ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದರು, ಇವತ್ತಿಗೂ ಅದು ನ್ಯೂಟನ್ ಪೆಟ್ಟಿಗೆ. ವಿರಾಜಪೇಟೆಯಲ್ಲಿ ಜೇನು ಸಾಕುವವರ ಸಹಕಾರ ಸಂಘ ಶುರುವಾಗಿದ್ದು 1936ರಲ್ಲಿ. ಇಷ್ಟೆಲ್ಲ ದಾರಿ ಸವೆಸಿ ಬಂದ ಕೆಲಸದ ಒಂದು ತುಂಡು ನಮ್ಮ ಅಟ್ಟದಲ್ಲಿ ಕೂತಿತ್ತು. ಯಾಕೆ ಅಟ್ಟ ಸೇರಿತು ಅಂದರೆ, 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ಮರಿಹುಳಗಳೆಲ್ಲ ಸತ್ತವು. ದಕ್ಷಿಣ ಭಾರತದಲ್ಲಿ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ನಮ್ಮದೂ. ಮಾವ ಮತ್ತು ಅಜ್ಜ ಸೇರಿ ಮೆಷೀನನ್ನು ಗೋಣಿಯಲ್ಲಿ ಸುತ್ತಿ ಮೇಲೆ ಇಟ್ಟರಂತೆ.

ಇಷ್ಟು ಗೊತ್ತಿದ್ದವರು ಎರಡು ತಿರುವು ಆಚೆ ಇದ್ದರು. ನಾನು ಕೇಳಿದ್ದು ಊರು ಹೆಸರು ಗೊತ್ತಿಲ್ಲದವರನ್ನು. ಅದಕ್ಕೇ ನಿಮ್ಮ ಪ್ರಶ್ನೆಯ ದಾರಿಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಚಂದ ಮಾಡಿ ಆಮೇಲೆ ಗುರುತು ಹಿಡಿಯುವುದು ತಲೆಕೆಳಗಾದ ಕ್ರಮ. ಬೆಲೆ ಕೇಳುವ ಸಮಯವೂ ಇದಲ್ಲ. ಏನು ಅಂತ ಗೊತ್ತಿಲ್ಲದ ಸಾಮಾನಿಗೆ ಸಿಗುವುದು ಗುಜರಿಯ ತೂಕದ ಬೆಲೆ ಮಾತ್ರ.

ಈಗ ನಿಮ್ಮ ಸಾಮಾನು. ನೀವು ಬರೆದದ್ದು ನೋಡಿದರೆ ಕೈಯಲ್ಲಿ ತಿರುಗಿಸುವ ಕಾಫಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷೀನು, ಇರಬಹುದು ಅನ್ನಿಸುತ್ತದೆ. ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿ ಜಾಸ್ತಿ, ಅಲ್ವಾ? ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಬೀಜ ಮಾಡುವ ಮನೆಗಳಲ್ಲಿ ಇಂಥದ್ದು ಬೇಕಿತ್ತು. ಗುಬ್ಬಿ ಎದ್ದ ತಾಮ್ರದ ಉರುಳೆ ತಿರುಗುವಾಗ ಹಣ್ಣನ್ನು ಎದುರಿಗಿನ ಕಬ್ಬಿಣದ ಪಟ್ಟಿಗೆ ಒತ್ತುತ್ತದೆ. ಬೀಜ ಒಂದು ಕಡೆ ಜಾರುತ್ತದೆ, ಸಿಪ್ಪೆಯನ್ನು ಉರುಳೆ ಇನ್ನೊಂದು ಕಡೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಉರುಳೆಗೆ ಎದುರಾಗಿ ಪಟ್ಟಿ ಇದೆಯಾ, ಸಂದು ಹೆಚ್ಚುಕಮ್ಮಿ ಮಾಡಲು ಎರಡೂ ಬದಿಯಲ್ಲಿ ಸ್ಕ್ರೂ ಇದೆಯಾ, ಮೇಲೆ ಹಣ್ಣು ಸುರಿಯುವ ಬಾಯಿ ಇದೆಯಾ ನೋಡಿ. ಸಂದಿಯಲ್ಲಿ ಒಣಗಿದ ಸಿಪ್ಪೆಯ ಚೂರು ಸಿಕ್ಕರೆ ಒಂದು ಕಾಗದದಲ್ಲಿ ಎತ್ತಿಡಿ, ಒಗೆಯಬೇಡಿ. ಪಕ್ಕದ ಎರಕದ ಮೇಲೆ ಅಕ್ಷರ ಇದ್ದೇ ಇರಬಹುದು. ಲಂಡನ್ನಿನ ಜಾನ್ ಗಾರ್ಡನ್, ಅಬರ್ಡೀನಿನ ಮೆಕಿನನ್, ಇವೆಲ್ಲ ಕಾಫಿ ಮೆಷೀನು ಮಾಡುತ್ತಿದ್ದ ಹಳೆಯ ಕಂಪನಿಗಳು. ಅಕ್ಷರ ಮಸುಕಾಗಿದ್ದರೆ ಕೆರೆಯಬೇಡಿ. ಕತ್ತಲೆಯಲ್ಲಿ ಟಾರ್ಚನ್ನು ಬದಿಯಿಂದ ಓರೆಯಾಗಿ ಬಿಡಿ, ಎದ್ದು ಕಾಣುತ್ತದೆ. ಇಲ್ಲದಿದ್ದರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ.

ಅಳತೆಯನ್ನು ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ತೆಗೆಯಿರಿ. ಇಂಚಿನಲ್ಲಿ ಪೂರ್ಣ ಸಂಖ್ಯೆ ಬಂದರೆ ಹಳೆಯ ಕಾಲದ್ದು ಅನ್ನಲು ಒಂದು ಸುಳಿವು. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದಿದ್ದೇ 1956ರಲ್ಲಿ. ಬೋಲ್ಟ್ ಬಿಚ್ಚಲೇಬೇಕಾದರೆ ಮೊದಲು ಗೀಟು ಹಾಕಿ, ಫೋಟೋ ತೆಗೆದು, ಆಮೇಲೆ ಕೈ ಹಾಕಿ.

ಒಂದು ಎಚ್ಚರಿಕೆ. ಮಾವ ಮೂಸಿ ನೋಡಿದರು ಅಂತ ನೀವು ಮೂಸಬೇಡಿ. ಅವರಿಗೆ ಅದು ಏನು ಅಂತ ಅರ್ಧ ಗೊತ್ತಿತ್ತು. ತೋಟದ ಮನೆಯ ಅಟ್ಟದಲ್ಲಿ ಹಳೆಯ ಸ್ಪ್ರೇಯರ್, ಮೈಲುತುತ್ತಿನ ಡಬ್ಬಿ, ಕಾಂಡಕೊರಕಕ್ಕೆ ಹೊಡೆಯುತ್ತಿದ್ದ ವಿಷ ಎಲ್ಲ ಒಟ್ಟಿಗೇ ಬಿದ್ದಿರುತ್ತವೆ. ತಾಮ್ರದ ಮೇಲಿನ ಹಸಿರು ಕಿಲುಬು ಕೂಡ ಹೊಟ್ಟೆಗೆ ಹೋಗಬಾರದು. ಗ್ಲೌಸ್ ಹಾಕಿಕೊಳ್ಳಿ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಸಡಿಲ ಧೂಳು ಮಾತ್ರ ತೆಗೆದರೆ ಸಾಕು.

ಆಮೇಲೆ ಅಜ್ಜನ ತೋಟದಲ್ಲಿ ದುಡಿದವರು ಯಾರು ಬದುಕಿದ್ದಾರೆ ವಿಚಾರಿಸಿ. ಮನೆಯವರಿಗಿಂತ ಮೇಸ್ತ್ರಿಗೆ, ಪಲ್ಪಿಂಗ್ ಕೆಲಸಕ್ಕೆ ನಿಲ್ಲುತ್ತಿದ್ದ ಹೆಂಗಸರಿಗೆ ಜಾಸ್ತಿ ಗೊತ್ತಿರುತ್ತದೆ, ಯಾಕೆಂದರೆ ಹಿಡಿ ತಿರುಗಿಸಿದ್ದು ಅವರು. ಫೋಟೋ ತೋರಿಸಿ ಕೇಳಬೇಡಿ. ಸಾಮಾನನ್ನೇ ಜೀಪಿಗೆ ಹಾಕಿಕೊಂಡು ಹೋಗಿ ಮುಂದೆ ಇಡಿ, ಅವರೇ ಮುಟ್ಟಿ ನೋಡಲಿ. ಇಲ್ಲಿಗೂ ಫೋಟೋ ಹಾಕಿ, ಆದರೆ ಈಗ ಹೇಗಿದೆಯೋ ಹಾಗೇ. ಬಿಸಿಲಿಗೆ ಇಡಬೇಡಿ, ಜಗಲಿಯ ನೆರಳಲ್ಲಿ ತೆಗೆಯಿರಿ. ಉರುಳೆಗೂ ಪಟ್ಟಿಗೂ ನಡುವಿನ ಸಂದು ಕಾಣುವ ಹಾಗೆ ಒಂದು, ಅಡಿಭಾಗದ್ದು ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು. ಅಟ್ಟದಲ್ಲಿ ಅದರ ಅಕ್ಕಪಕ್ಕ ಏನೇನಿತ್ತು ಅಂತಲೂ ಬರೆಯಿರಿ. ಅವು ಇನ್ನೂ ಅಲ್ಲೇ ಇದ್ದರೆ ಒಲೆಗೆ ಹಾಕಬೇಡಿ.