ಗಂಟೆಗೆ ಎಷ್ಟು ಗಂಟು?

ಬೀಳಗಿ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ಚಂಡಮಾರುತದ ಬರಹದಲ್ಲಿ ಗಾಳಿ ‘ಗಂಟೆಗೆ 50 ನಾಟ್’ ವೇಗದಲ್ಲಿ ಬೀಸಿತು ಎಂದಿದ್ದೀರಿ. ನಾಟ್ ಎಂದರೆ ಗಂಟು ಎನ್ನುತ್ತಾಳೆ ಮೊಮ್ಮಗಳು. ಗಾಳಿಗೂ ಗಂಟಿಗೂ ಏನು ನಂಟು? ಆಲಮಟ್ಟಿ ಹಿನ್ನೀರೇ ನಾನು ಕಂಡ ಸಮುದ್ರ.”

ಸಂಪಾದಕರ ಉತ್ತರ:

ಹಿರಿಯರೇ, ಮೊಮ್ಮಗಳ ಮಾತು ಸರಿ; ತಪ್ಪಿದ್ದು ನಾವು. ಆ ತಪ್ಪಿಗೆ ಆಮೇಲೆ ಬರುತ್ತೇನೆ, ಮೊದಲು ಗಂಟು ಬಿಚ್ಚೋಣ.

ರಸ್ತೆಯಲ್ಲಾದರೆ ಮೈಲಿಗಲ್ಲು ಎಣಿಸಿ ವೇಗ ತಿಳಿಯಬಹುದು. ನಡುಗಡಲಿನಲ್ಲಿ ಕಲ್ಲು ನೆಡುವವರು ಯಾರು? ಯುರೋಪಿನ ನಾವಿಕರು ಒಂದು ಸಣ್ಣ ಮುಮ್ಮೂಲೆ ಹಲಗೆಯ ಅಂಚಿಗೆ ಸೀಸ ಬಡಿದು, ಹಗ್ಗ ಕಟ್ಟಿ, ಹಡಗಿನ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ಸೀಸದ ಭಾರಕ್ಕೆ ಹಲಗೆ ನೆಟ್ಟಗೆ ನಿಂತು ನೀರಿಗೆ ಎದೆಯೊಡ್ಡುತ್ತಿತ್ತು. ಹೆಚ್ಚುಕಡಿಮೆ ಇದ್ದಲ್ಲೇ ಉಳಿಯುತ್ತಿತ್ತು. ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಆ ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. ಆರು ಗಜದ ಇಳಕಲ್ ಸೀರೆಗಳನ್ನು ಎರಡೂವರೆ ಹಾಸಿದರೂ ತುಸು ಕಡಿಮೆಯೇ ಬೀಳುವಷ್ಟು ಅಂತರ! ಒಬ್ಬ 28 ಸೆಕೆಂಡಿನ ಮರಳುಗಡಿಯಾರ ಮಗುಚಿ ಹಿಡಿದರೆ, ಇನ್ನೊಬ್ಬ ಕೈಯಿಂದ ಜಾರುವ ಗಂಟುಗಳನ್ನು ಎಣಿಸುತ್ತಿದ್ದ. ಮರಳು ಇಳಿಯುವಷ್ಟರಲ್ಲಿ ಐದು ಗಂಟು ಜಾರಿದರೆ ವೇಗ ಐದು ನಾಟ್.

ಅಳತೆ ಸುಮ್ಮನೆ ಇಟ್ಟದ್ದಲ್ಲ. ಗಂಟೆಗೆ 28 ಸೆಕೆಂಡು ಎಷ್ಟನೇ ಪಾಲೋ, ನಾಟಿಕಲ್ ಮೈಲಿಗೆ ಆ ಹಗ್ಗದ ತುಂಡು ಅಷ್ಟನೇ ಪಾಲು. ಈ ಮೈಲಿ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಿಂದ ಬಂದದ್ದು. 1929ರಲ್ಲಿ ಅದನ್ನು 1,852 ಮೀಟರ್ ಎಂದು ಗೊತ್ತುಮಾಡಿದರು.

ನಾವು ಎಡವಿದ್ದು ಇಲ್ಲಿಯೇ. ಒಂದು ನಾಟ್ ಎಂದರೇನೇ ಗಂಟೆಗೆ ಒಂದು ನಾಟಿಕಲ್ ಮೈಲಿ. ಗಂಟೆ ಅದರ ಹೊಟ್ಟೆಯಲ್ಲೇ ಇದೆ. ನಾವು ಹೊರಗೆ ಇನ್ನೊಂದನ್ನು ಕಟ್ಟಿದೆವು. ಅಂದ ಹಾಗೆ, ನಮ್ಮ ಗಂಟು–ಗಂಟೆಗಳ ಹೋಲಿಕೆ ಕಿವಿಗೆ ಮಾತ್ರ. ಗಂಟೆ ಬಂದದ್ದು ಸಂಸ್ಕೃತದ ಘಂಟಾ ಶಬ್ದದಿಂದ. ಹಡಗಿನಲ್ಲೂ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿಯೇ ಹೊತ್ತು ತಿಳಿಸುತ್ತಿದ್ದರು.

ಮೊಮ್ಮಗಳಿಗೆ ಇನ್ನೊಂದು ಹೇಳಿರಿ. ಆ ಹಲಗೆಯ ಹೆಸರು ‘ಲಾಗ್’, ಅಂದರೆ ಮರದ ತುಂಡು. ಅದು ತೋರಿಸಿದ ಲೆಕ್ಕ ಬರೆದಿಟ್ಟದ್ದು ಲಾಗ್ ಬುಕ್. ಆಕೆ ಮೊಬೈಲಿನಲ್ಲಿ ಮಾಡುವ ‘ಲಾಗಿನ್’ ಅದರದೇ ಕುಡಿ.

ಕಳೆದ ಸಂಚಿಕೆಯ ಆ ಸಾಲನ್ನು ‘50 ನಾಟ್, ಅಂದರೆ ಗಂಟೆಗೆ ಸುಮಾರು 93 ಕಿಲೋಮೀಟರ್’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.